ಮೂಲೆಮನೆ ಅಕ್ಕನ ನೋಟ್ಸು

ನಮ್ಮ ಹೈಸ್ಕೂಲಿನ ನೋಟ್ಸುಗಳಲ್ಲಿ ಅಲ್ಲಲ್ಲಿ ಒಂದಿಂಚು ಖಾಲಿ ಜಾಗ ಇರುತ್ತಿತ್ತು. ಯಾರ ಪುಸ್ತಕ ತೆರೆದರೂ ಅದೇ ಸಾಲಿನಲ್ಲಿ ಅದೇ ಜಾಗ ಖಾಲಿ. ಯಲಹಂಕದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಮೇಷ್ಟ್ರು ಸಮಾಜದ ನೋಟ್ಸ್ ಬರೆಸುತ್ತಿರುವಾಗ ಏರ್‌ಫೋರ್ಸಿನ ವಿಮಾನವೊಂದು ಹೆಂಚು ಅದುರುವಷ್ಟು ತಗ್ಗಿನಲ್ಲಿ ಹಾದುಹೋಗುತ್ತಿತ್ತು. ಮೇಷ್ಟ್ರ ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಸದ್ದು ಅಡಗುವ ಹೊತ್ತಿಗೆ ಅವರು ಮುಂದಿನ ವಾಕ್ಯದಲ್ಲಿರುತ್ತಿದ್ದರು. ಆಮೇಲೆ ತುಂಬಿಕೊಂಡರಾಯಿತು ಅಂತ ಬಿಟ್ಟ ಜಾಗ ಪರೀಕ್ಷೆಯವರೆಗೂ ಹಾಗೇ ಉಳಿಯುತ್ತಿತ್ತು. ಕೆಂಪೇಗೌಡರ ಪಾಠದಲ್ಲೂ ಅಂಥದ್ದೊಂದು ತೂತು ಬಿದ್ದಿತ್ತು. 1537ರಲ್ಲಿ ಬೆಂಗಳೂರು ಕಟ್ಟಿದವರು ಅನ್ನುವುದು ಬರೆದಾಗಿತ್ತು. ಯಲಹಂಕದ ನಾಡಪ್ರಭುಗಳು ಅನ್ನುವ ಭಾಗವೇ ವಿಮಾನದ ಪಾಲಾಯಿತು. ಅದನ್ನು ನಮಗೆ ಬರೆಸುವ ಅಗತ್ಯವೂ ಇರಲಿಲ್ಲ ಬಿಡಿ.

1989ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಾವು ಐದು ಜನ, ಎಲ್ಲರೂ ಕನ್ನಡ ಮೀಡಿಯಂ, ಧೈರ್ಯಮಾಡಿ ಪಿಯುಸಿಗೆ ಸೈನ್ಸ್ ತಗೊಂಡೆವು. ಮೊದಲನೇ ವಾರದಲ್ಲೇ ಧೈರ್ಯ ಇಳಿದುಹೋಯಿತು. ದ್ಯುತಿಸಂಶ್ಲೇಷಣೆ ಎಂಬ ಏಳು ಮಡಿಕೆಯ ಪದವನ್ನು ತಪ್ಪಿಲ್ಲದೆ ಬರೆಯಲು ಮೂರು ವರ್ಷ ಬೇಕಾಗಿತ್ತು. ಈಗ ಅದು ಫೋಟೋಸಿಂಥೆಸಿಸ್ ಆಗಿ ಬಂದು ನಿಂತರೆ ಗುರುತೇ ಸಿಗಲಿಲ್ಲ. ವಕ್ರೀಭವನ ರಿಫ್ರಾಕ್ಷನ್ ಆಗಿತ್ತು, ಜಡತ್ವ ಇನರ್ಷಿಯಾ ಆಗಿತ್ತು. ಲೆಕ್ಚರರ್ ಹೇಳುತ್ತಿದ್ದ ವಿಷಯ ಅರ್ಧಕ್ಕರ್ಧ ನಮಗೆ ಗೊತ್ತಿದ್ದದ್ದೇ, ಆದರೆ ಗೊತ್ತಿದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಕನ್ನಡದಲ್ಲಿ ಓದಿ ಬಂದವರ ಈ ಫಜೀತಿಯನ್ನು ಬುದ್ಧಿಯ ಕೊರತೆ ಅಂತ ಎಣಿಸಿದವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಆಗ ಕೈಗೆ ಬಂದದ್ದು ಮೂಲೆಮನೆ ಅಕ್ಕನ ನೋಟ್ಸು. ಇನ್ನೂರು ಪುಟದ ಲೇಖಕ್ ನೋಟ್‌ಬುಕ್ಕು, ಬ್ರೌನ್ ಕವರು, ಮೇಲೆ ಲೇಬಲ್ಲಿಲ್ಲ. ನಮ್ಮ ಬೀದಿಯಿಂದ ಪಿಯುಸಿ ಸೈನ್ಸ್ ಓದಿದ ಮೊದಲನೆಯವಳು ಅಕ್ಕ. ಅವಳೂ ಕನ್ನಡ ಮೀಡಿಯಮ್ಮಿನವಳೇ. ಪುಟದ ನಡುವೆ ಸ್ಕೇಲಿನಿಂದ ಗೆರೆ ಎಳೆದು ಎಡಕ್ಕೆ ಕನ್ನಡದ ಪದ, ಬಲಕ್ಕೆ ಇಂಗ್ಲಿಷಿನದು, ಕೆಳಗೆ ಎರಡು ಸಾಲಿನ ವಿವರಣೆ ಬರೆದಿದ್ದಳು. ಫಿಸಿಕ್ಸು, ಕೆಮಿಸ್ಟ್ರಿ, ಬಯಾಲಜಿ ಮೂರೂ ಅದರಲ್ಲೇ. ಗಣಿತಕ್ಕೆ ಕೊನೆಯ ಹತ್ತು ಪುಟ ಸಾಕಾಗಿತ್ತು. ಲಸಾಅ, ಮಸಾಅ ಬಿಟ್ಟರೆ ಅಲ್ಲಿ ಭಾಷೆಯ ಕಾಟ ಕಡಿಮೆ.

ವಿವರಣೆಗಳು ಮಾತ್ರ ಯಾವ ಗೈಡಿನಲ್ಲೂ ಸಿಗುವಂಥವಲ್ಲ. ಅಕ್ಕನ ಅಪ್ಪ ಇದ್ದದ್ದು ವೀಲ್ ಅಂಡ್ ಆಕ್ಸಲ್ ಪ್ಲಾಂಟಿನಲ್ಲಿ, 1984ರಲ್ಲಿ ಶುರುವಾಗಿ ಈಗ ರೈಲು ಗಾಲಿ ಕಾರ್ಖಾನೆ ಅನ್ನಿಸಿಕೊಳ್ಳುವ ಅದೇ ಕಾರ್ಖಾನೆ. ಉಕ್ಕಿನ ಗುಜರಿಯನ್ನು ಕರಗಿಸಿ ರೈಲಿನ ಗಾಲಿ ಎರಕ ಹೊಯ್ಯುವುದನ್ನು ಅಪ್ಪ ಮನೆಯಲ್ಲಿ ಊಟದ ಹೊತ್ತಿಗೆ ಹೇಳುತ್ತಿದ್ದರಂತೆ. ಮೊಮೆಂಟ್ ಆಫ್ ಇನರ್ಷಿಯಾ ಅನ್ನುವ ಕಡೆ ಅಕ್ಕ ಒಂದು ಗಾಲಿ ಬಿಡಿಸಿ, ಪಕ್ಕದಲ್ಲಿ ಹೀಗೆ ಬರೆದಿದ್ದಳು: ‘ತೂಕ ಅಂಚಿನಲ್ಲಿದ್ದಷ್ಟೂ ತಿರುಗಿಸೋದು ಕಷ್ಟ, ತಿರುಗಿದ ಮೇಲೆ ನಿಲ್ಲಿಸೋದೂ ಕಷ್ಟ. ಅಪ್ಪನ ಗಾಲಿ.’ ನಾವು ಐದೂ ಜನ ‘ಅಪ್ಪನ ಗಾಲಿ’ ಅನ್ನುವುದನ್ನೂ ಸೇರಿಸಿಯೇ ಕಾಪಿ ಮಾಡಿಕೊಂಡೆವು. ಅದರಲ್ಲಿ ಒಬ್ಬನ ಅಪ್ಪ ಉಪನಗರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು.

ಪುಸ್ತಕ ಕೊಡಲು ಅಕ್ಕನದ್ದೊಂದು ಕಾನೂನಿತ್ತು. ಒಂದು ವಾರ ಅಷ್ಟೇ. ಕೊನೇ ಪುಟದಲ್ಲಿ ಹೆಸರು, ತಾರೀಕು ಬರೆಯಬೇಕು. “ಮೇಲೆ ಸಾರು ಗೀರು ಚೆಲ್ಲಿದ್ರೆ ಹೊಸ ಪುಸ್ತಕಕ್ಕೆ ಪೂರ್ತಿ ಬರ್ದು ಕೊಡ್ಬೇಕು ಕಣೋ” ಅಂದಿದ್ದಳು. ನಮಗಿಂತ ಮೊದಲೇ ಆ ಪುಟದಲ್ಲಿ ಹನ್ನೊಂದು ಹೆಸರಿದ್ದವು. ಜೆರಾಕ್ಸ್ ಅಂಗಡಿ ಊರಿಗೆ ಬಂದಿತ್ತು, ಆದರೆ ಪುಟಕ್ಕೆ ಒಂದು ರೂಪಾಯಿ. ಇನ್ನೂರು ರೂಪಾಯಿ ಅಂತ ಮನೆಯಲ್ಲಿ ಬಾಯಿಬಿಡುವ ಹಾಗಿರಲಿಲ್ಲ. ಹಾಗಾಗಿ ಪಾಳಿ ಹಾಕಿಕೊಂಡು ಬರೆದೆವು. ಒಬ್ಬ ಓದಿ ಹೇಳುವುದು, ನಾಲ್ವರು ಬರೆಯುವುದು, ಕೈನೋವು ಬಂದಾಗ ಓದುವವನು ಬದಲಾಗುವುದು. ಬರೆದ ಜಾಗ ಜಿಕೆವಿಕೆ. ಅಕ್ಕ ಆಗಲೇ ಅಲ್ಲಿ ಬಿ.ಎಸ್ಸಿ. ಅಗ್ರಿ ಸೇರಿದ್ದಳು. ನಾವು ಸೈಕಲ್ಲಿನಲ್ಲಿ ಬಳ್ಳಾರಿ ರಸ್ತೆ ಹಿಡಿದು ಹೋಗಿ ಕೃಷಿ ವಿಶ್ವವಿದ್ಯಾಲಯದ ಮರಗಳ ನೆರಳು ನೋಡಿ ಕೂರುತ್ತಿದ್ದೆವು. ಕಾವಲಿನವರು ಕೈಯಲ್ಲಿ ನೋಟ್ಸ್ ಇದ್ದರೆ ಏನೂ ಅನ್ನುತ್ತಿರಲಿಲ್ಲ. ಮಾವಿನಕಾಯಿ ಕಾಲದಲ್ಲಿ ಸ್ವಲ್ಪ ಅನ್ನುತ್ತಿದ್ದರು.

ನೋಟ್ಸಿನ ನಡುವೆ ಪತ್ರ ಇಟ್ಟು ಕೊಟ್ಟ ಕಥೆ ಎಲ್ಲರ ಹತ್ತಿರವೂ ಇರುತ್ತದೆ. ಅದು ಬೇಡ. ನಾನು ಹೇಳಬೇಕಾದ್ದು ವೇಗ ಮತ್ತು ಜವದ ಕಥೆ.

ಕನ್ನಡದ ವಿಜ್ಞಾನದಲ್ಲಿ ಸ್ಪೀಡಿಗೆ ಜವ, ವೆಲಾಸಿಟಿಗೆ ವೇಗ. ಜವಕ್ಕೆ ದಿಕ್ಕಿಲ್ಲ, ವೇಗಕ್ಕೆ ದಿಕ್ಕಿದೆ. ಒಂದು ಅದಿಶ, ಇನ್ನೊಂದು ಸದಿಶ. ಇಷ್ಟು ನಮಗೆ ನಿದ್ದೆಯಲ್ಲಿ ಎಬ್ಬಿಸಿದರೂ ಗೊತ್ತಿತ್ತು. ಅಕ್ಕನ ಪುಸ್ತಕದಲ್ಲಿ ಎರಡೂ ಅದಲುಬದಲಾಗಿದ್ದವು. ಅವಳ ತಲೆಯಲ್ಲಿ ಸರಿಯಾಗೇ ಇತ್ತು, ರಾತ್ರಿ ಹನ್ನೊಂದರ ನಿದ್ದೆಗಣ್ಣು ಕೈ ತಪ್ಪಿಸಿತ್ತು. ನಾವೋ ಕ್ಲಾಸಿಗಿಂತ ಅಕ್ಕನನ್ನು ನಂಬಿದವರು. ಟೆಸ್ಟಿನಲ್ಲಿ ಐದು ಜನವೂ ವೆಲಾಸಿಟಿ ಅಂದರೆ ಸ್ಕೇಲಾರು ಅಂತ ಬರೆದು, ಒಬ್ಬರಿಗಿಂತ ಒಬ್ಬರು ಚೆನ್ನಾದ ಉದಾಹರಣೆ ಕೊಟ್ಟು, ಅಡಿಗೆರೆ ಎಳೆದು ಬಂದೆವು. ಲೆಕ್ಚರರ್ ಐದು ಪೇಪರನ್ನೂ ಮೇಜಿನ ಮೇಲೆ ಸಾಲಾಗಿಟ್ಟು, “ಒಂದೇ ಮನೇಲಿ ಊಟ ಮಾಡಿದೀರಲ್ಲಪ್ಪ” ಅಂದರು. ಕಾಪಿ ಹೊಡೆದಿಲ್ಲ ಸಾರ್ ಅಂತ ನಂಬಿಸಲು ನೋಟ್ಸು ತೋರಿಸಬೇಕಾಯಿತು. ನೋಡಿ ನಕ್ಕರು. ಆಮೇಲೆ ಇಂಗ್ಲಿಷ್ ಪದದ ಜೊತೆಗೆ ಕನ್ನಡದ್ದನ್ನೂ ಬೋರ್ಡಿನ ಮೇಲೆ ಬರೆಯತೊಡಗಿದರು. ಅಷ್ಟು ಮಾಡಿದ ಒಬ್ಬರೇ ಲೆಕ್ಚರರ್ ಅವರು.

ನನ್ನ ಫಿಸಿಕ್ಸ್ ಅಂಕ ಬಲ್ಲವರಿಗೆ ನಾನು ಮುಂದೆ ಕನ್ನಡ ಎಂ.ಎ.ಗೆ ಹೋದದ್ದು ಆಶ್ಚರ್ಯವಾಗಲಿಕ್ಕಿಲ್ಲ. ಅಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಬೇಕಾಗಿ ಬಂತು. ಹಲವು ಓಲೆಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಅವೆಲ್ಲ ಒಂದೇ ಮಾತೃಪ್ರತಿಯಿಂದ ಇಳಿದು ಬಂದಿರಬೇಕು ಅನ್ನುವ ತತ್ವ ಪಾಠ ಮಾಡುವಾಗ ಕ್ಲಾಸಿನಲ್ಲಿ ನಾನೊಬ್ಬನೇ ನಕ್ಕೆ. ಲಿಪಿಕಾರರ ನಿದ್ದೆಗಣ್ಣಿನ ತಪ್ಪುಗಳ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಪೇಪರಿನಲ್ಲಿ ಒಳ್ಳೆಯ ಅಂಕ ಬಂತು.

ನನ್ನ ತಮ್ಮ ಪಿಯುಸಿಗೆ ಬರುವ ಹೊತ್ತಿಗೆ ಎಲ್ಲ ಬದಲಾಗಿತ್ತು. 1994ರಲ್ಲಿ ಸಿಇಟಿ ಶುರುವಾಗಿ ನೋಟ್ಸು ಎಂದರೆ ನಾಲ್ಕು ಉತ್ತರದಲ್ಲೊಂದನ್ನು ಆರಿಸುವ ಹಾಳೆಗಳ ಕಟ್ಟಾಯಿತು. ಅವನು ಮೆಜೆಸ್ಟಿಕ್ಕಿಗೆ ಬಸ್ಸಿನಲ್ಲಿ ಹೋಗಿ, ಅವೆನ್ಯೂ ರಸ್ತೆಯಲ್ಲಿ ಚೌಕಾಸಿ ಮಾಡಿ ಹಳೇ ಪುಸ್ತಕ ತರುತ್ತಿದ್ದ. 1996ರ ಡಿಸೆಂಬರಿನಲ್ಲಿ ಮೊದಲ ಏರೋ ಇಂಡಿಯಾ ನಡೆದಾಗ ಅವನ ನೋಟ್ಸಿನಲ್ಲಿ ಪುಟಗಟ್ಟಲೆ ಖಾಲಿ. ಅದಕ್ಕೆ ಸದ್ದು ಕಾರಣವಲ್ಲ, ಹುಡುಗರೆಲ್ಲ ಮಹಡಿ ಹತ್ತಿ ಕೂತಿದ್ದರು.

ತಪ್ಪು ಗೊತ್ತಾದ ದಿನವೇ ಅಕ್ಕನಿಗೆ ಹೇಳಿದ್ದೆವು. ನಾಲಿಗೆ ಕಚ್ಚಿಕೊಂಡು, “ಅಯ್ಯೋ, ಹೌದಲ್ಲೋ! ಪುಸ್ತಕ ಈಗ ಹಳೇ ಊರಿನ ಹುಡುಗಿ ಹತ್ರ ಇದೆ, ವಾಪಸ್ ಬರ್ಲಿ, ತಿದ್ದೋಣ” ಅಂದಳು. ಅದು ವಾಪಸ್ಸು ಬರಲೇ ಇಲ್ಲ. ಆ ಹುಡುಗಿ ಇನ್ನೊಬ್ಬಳಿಗೆ ಕೊಟ್ಟಳಂತೆ, ಅವಳು ಮತ್ತೊಬ್ಬನಿಗೆ. ಯಲಹಂಕದ ಯಾವುದಾದರೂ ಮನೆಯ ಅಟ್ಟದಲ್ಲಿ ಬ್ರೌನ್ ಕವರಿನ, ಲೇಬಲ್ಲಿಲ್ಲದ, ಕೊನೇ ಪುಟದ ತುಂಬ ಹೆಸರುಗಳಿರುವ ಲೇಖಕ್ ಪುಸ್ತಕ ಸಿಕ್ಕಿದರೆ ಅದು ನಿಮ್ಮಲ್ಲೇ ಇರಲಿ. ಫಿಸಿಕ್ಸಿನ ಎರಡನೇ ಪುಟದಲ್ಲಿ ವೇಗ, ಜವ ಎರಡೂ ಅದಲುಬದಲಾಗಿವೆ, ದಯವಿಟ್ಟು ತಿದ್ದಿಕೊಳ್ಳಿ.