ಕಲ್ಲುಗುಡ್ಡದ ಸಿರಾ

ಕಂಪ್ಲಿ ಕಡೆ ಒಳ್ಳೆ ಹೊಲ ಅಂದ್ರೆ ಕಾಲುವೆ ನೀರು ಹತ್ತೋ ಹೊಲ. ಭತ್ತ, ಕಬ್ಬು, ಬಾಳೆಗೆ ಅದೇ ಬೇಕು. ವೈನ್ ದ್ರಾಕ್ಷಿ ಲೆಕ್ಕವೇ ಬೇರೆ. ನೀರು-ಗೊಬ್ಬರ ಜಾಸ್ತಿಯಾದ್ರೆ ಬಳ್ಳಿ ಬರೀ ಎಲೆ ಬಿಡುತ್ತೆ, ಹಣ್ಣು ಸಪ್ಪೆ. ಅದಕ್ಕೆ ಬಡ ಕಲ್ಲುನೆಲವೇ ಸರಿ.

ಫ್ರಾನ್ಸಿನ ರೋನ್ ಕಣಿವೆಯ ಹರ್ಮಿಟಾಜ್‌ನಲ್ಲಿ ಸಿರಾ ಅನ್ನೋ ಕೆಂಪು ವೈನ್ ದ್ರಾಕ್ಷಿ ಬೆಳೆಯೋದು ಕಡಿದಾದ ಗ್ರಾನೈಟ್ ಗುಡ್ಡದ ಮೇಲೆ, ಮಣ್ಣು ಕೊಚ್ಚಿಹೋಗದಂತೆ ಕಲ್ಲಿನ ಒಡ್ಡು ಕಟ್ಟಿ. ಗ್ರಾನೈಟಿಗೆ ನಮ್ಮಲ್ಲೇನು ಬರ? ಹಂಪಿ ಸೀಮೆಯ ಗುಡ್ಡಗಳ ನಡುವೆ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ‘ಕೃಸ್ಮಾ’ ವೈನರಿಯ ತೋಟದಲ್ಲೂ ಸಿರಾ ಹಾಕಿದ್ದಾರೆ.

ವ್ಯತ್ಯಾಸ ಇರೋದು ಚಳಿಯಲ್ಲಿ. ಫ್ರಾನ್ಸಿನಲ್ಲಿ ಬಳ್ಳಿ ಚಳಿಗಾಲವಿಡೀ ನಿದ್ದೆ ಹೊಡೆಯುತ್ತೆ, ಇಲ್ಲಿ ಮಲಗೋದೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಚಾಟ್ನಿ, ಅಂದ್ರೆ ಬಳ್ಳಿ ಸವರೋದು: ಬೇಸಿಗೆಯದು ಕಡ್ಡಿ ಬಲಿಯೋಕೆ, ಮಳೆ ಹಿಂದೆ ಸರಿದಾಗಿನದು ಹಣ್ಣಿಗೆ. ಅವರ ಕೊಯ್ಲು ಸೆಪ್ಟೆಂಬರ್ ಸುಮಾರಿಗೆ, ನಮ್ಮದು ಫೆಬ್ರವರಿ-ಮಾರ್ಚ್.

ಹೊಸಪೇಟೆ, ಸಂಡೂರು ಕಡೆ ಗುಡ್ಡ ಅಂದ ಕೂಡಲೇ ಗಣಿ, ಕ್ವಾರಿ ಅಂತಲೇ ತಲೆ ಓಡುತ್ತೆ. ಒಡೆದು ಲಾರಿಗೆ ತುಂಬಿದ ಗುಡ್ಡ ಒಮ್ಮೆ ಮಾತ್ರ ದುಡ್ಡು ಕೊಡುತ್ತೆ. ಬಳ್ಳಿ ಹಬ್ಬಿಸಿದ ಗುಡ್ಡ ವರ್ಷಾ ವರ್ಷಾ ಕೊಡುತ್ತೆ. ಕುಡಿಯೋದು ಬಿಡೋದು ಅವರವರ ಇಷ್ಟ. ಈ ಲೆಕ್ಕ ಮಾತ್ರ ಎಲ್ಲರೂ ಒಮ್ಮೆ ಹಾಕಬೇಕು.