ತಾಲ್ಲೂಕಿಗೂ ಬಂತು ಹೆಪ್ಪು ಕರಗಿಸುವ ಇಂಜೆಕ್ಷನ್

ತೊಂಬತ್ತರ ದಶಕದಲ್ಲಿ ನಾನು ಸ್ಟಾಫ್ ನರ್ಸ್ ಆಗಿದ್ದ ಜಿಲ್ಲಾಸ್ಪತ್ರೆಯಲ್ಲಿ ಹಾರ್ಟ್ ಅಟ್ಯಾಕ್ ಕೇಸ್ ಬಂತೆಂದರೆ ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಹುಡುಕುತ್ತಿದ್ದೆವು. 15 ಲಕ್ಷ ಯೂನಿಟ್‌ನ ಪುಡಿ. ಸಲೈನ್ ಬಿಟ್ಟು, ನೊರೆ ಏಳದ ಹಾಗೆ ಮೆಲ್ಲಗೆ ಹೊರಳಿಸಿ ಕರಗಿಸಬೇಕು; ಕುಲುಕುವಂತಿಲ್ಲ. ಆಮೇಲೆ ಒಂದು ಗಂಟೆ ಡ್ರಿಪ್. ಅಷ್ಟು ಹೊತ್ತೂ ರೋಗಿಯ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಬಿಪಿ ಇದ್ದಕ್ಕಿದ್ದಂತೆ ಕುಸಿಯುತ್ತಿತ್ತು, ಕೆಲವರಿಗೆ ಚಳಿ, ಮೈಮೇಲೆ ದದ್ದು. ಅದು ಬ್ಯಾಕ್ಟೀರಿಯಾದಿಂದ ತೆಗೆದ ಔಷಧ. ದೇಹ ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳುವುದರಿಂದ ಒಮ್ಮೆ ಕೊಟ್ಟವರಿಗೆ ಮತ್ತೆ ಕೊಡುವಂತಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆವು.

ಜೊತೆಗೆ 300 ಮಿಲಿಗ್ರಾಂ ಆಸ್ಪಿರಿನ್, ಬೇಗ ರಕ್ತ ಸೇರಲೆಂದು ಅಗಿಸಿಯೇ ಕೊಡುತ್ತಿದ್ದೆವು. “ಇಂಥಾ ಎದೆನೋವಿಗೆ ತಲೆನೋವಿನ ಮಾತ್ರೆ ಕೊಡ್ತಿದ್ದೀರಲ್ಲ ಸಿಸ್ಟರ್” ಎಂದು ಮನೆಯವರು ಸಿಟ್ಟಾಗುತ್ತಿದ್ದರು. ಆ ಅಗ್ಗದ ಮಾತ್ರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಅದರ ಜೊತೆ ಕೊಡುವ ಹೆಪಾರಿನ್ ಇಂಜೆಕ್ಷನ್ ಹೆಪ್ಪು ಇನ್ನಷ್ಟು ಬೆಳೆಯಲು ಬಿಡುವುದಿಲ್ಲ. ಆದರೆ ಆಗಲೇ ಕಟ್ಟಿರುವುದನ್ನು ಇವೆರಡೂ ಕರಗಿಸಲಾರವು. ಅದು ಸ್ಟ್ರೆಪ್ಟೋಕೈನೇಸ್ ಕೆಲಸ. 17 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನವು, ಆಸ್ಪಿರಿನ್ ಮತ್ತು ಸ್ಟ್ರೆಪ್ಟೋಕೈನೇಸ್ ಒಂದೊಂದೇ ಕೊಟ್ಟರೂ ಸಾವು ತಗ್ಗುತ್ತದೆ, ಎರಡೂ ಸೇರಿದರೆ ಇನ್ನೂ ತಗ್ಗುತ್ತದೆ ಎಂದು ತೋರಿಸಿತ್ತು.

ಆಮೇಲೆ ಅದೇ ಕೆಲಸ ಮಾಡುವ ಟೆನೆಕ್ಟೆಪ್ಲೇಸ್ ಬಂತು. ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಹತ್ತು ಸೆಕೆಂಡಿನೊಳಗೆ ಒಂದೇ ಸಲ ನರಕ್ಕೆ. ಬೆಲೆ ಮಾತ್ರ ಹತ್ತಾರು ಸಾವಿರ. ಒಡವೆ ಅಡವಿಟ್ಟು ದುಡ್ಡು ತಂದವರನ್ನು ಕಂಡಿದ್ದೇನೆ. 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಶುರುವಾದ ಮೇಲೆ ಅದೇ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗತೊಡಗಿತು. ಅಲ್ಲಿ ಇಸಿಜಿ ತೆಗೆಯುತ್ತಾರೆ, ದೊಡ್ಡಾಸ್ಪತ್ರೆಯ ತಜ್ಞರು ದೂರದಿಂದಲೇ ಅದನ್ನು ನೋಡಿ ಸಲಹೆ ಕೊಡುತ್ತಾರೆ. ನನ್ನ ಮಟ್ಟಿಗೆ ಹೊಸ ಔಷಧಕ್ಕಿಂತ ದೊಡ್ಡ ಬದಲಾವಣೆ ಇದೇ. ಆಂಜಿಯೋಪ್ಲಾಸ್ಟಿ ಬೇಗ ಸಿಗುವ ಕಡೆ ಅದೇ ಮೇಲು. ಆದರೆ ಹಳ್ಳಿಯವರಿಗೆ ಅದನ್ನು ಮಾಡುವ ಕ್ಯಾತ್‌ಲ್ಯಾಬ್ ಎಷ್ಟು ದೂರ!

ಬದಲಾಗದೆ ಉಳಿದದ್ದು ನಮ್ಮ ತಡ. ಗ್ಯಾಸ್ ಇರಬೇಕು ಎಂದು ಸೋಡಾ ಕುಡಿಸಿ, ಬೆಳಗಾಗಲಿ ನೋಡೋಣ ಎಂದು ಮಲಗಿಸುತ್ತೇವೆ. ಹೆಪ್ಪು ಕರಗಿಸುವ ಔಷಧ ಕೊಡುವುದು ನೋವು ಶುರುವಾದ 12 ಗಂಟೆಯೊಳಗೆ. ಮೊದಲ ಮೂರು ಗಂಟೆಯಲ್ಲಿ ಕೊಟ್ಟಷ್ಟು ಫಲ ಆಮೇಲೆ ಇಲ್ಲ, ಹೆಪ್ಪು ಗಟ್ಟಿಯಾಗುತ್ತಾ ಹೋಗುತ್ತದೆ. ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಂಡರೆ 108ಕ್ಕೆ ಫೋನ್ ಮಾಡಿ. ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ, ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ, ಡಾಕ್ಟರು ಕೇಳುವ ಮೊದಲೇ ಹೇಳಿಬಿಡಿ.