ಮೊಂಝಾದ ತೋಪಿನಲ್ಲಿ ಎರಡು ಕ್ಲಚ್

ಇಟಲಿಯ ಮಿಲಾನ್‌ನಿಂದ ಉತ್ತರಕ್ಕೆ ರೈಲು ಹಿಡಿದರೆ ಸುಮಾರು ಕಾಲು ಗಂಟೆಯಲ್ಲಿ ಮೊಂಝಾ. ಅಲ್ಲಿನ ಅರಮನೆಯ ಹಿಂದೆ, ಸುತ್ತ ಗೋಡೆಯಿರುವ ವಿಶಾಲ ಉದ್ಯಾನವಿದೆ; 1805ರಲ್ಲಿ ನೆಪೋಲಿಯನ್ನನ ಮಲಮಗ ಯೂಜೀನ್ ಮಾಡಿಸಿದ್ದು. ನಡುವೆ ಲಾಂಬ್ರೋ ಹೊಳೆ. ಸೈಕಲ್ ತುಳಿಯುವ ಮಕ್ಕಳು, ಮರದಡಿ ಬುತ್ತಿ ಬಿಚ್ಚಿ ಕುಳಿತ ಸಂಸಾರಗಳು. ಈ ನೆಮ್ಮದಿಯ ಮಧ್ಯೆಯೇ ಜಗತ್ತಿನ ಅತಿ ವೇಗದ ಮೋಟಾರ್ ಪಂದ್ಯದ ಪಥಗಳಲ್ಲೊಂದಿದೆ. 1922ರಲ್ಲಿ ಕೇವಲ 110 ದಿನಗಳಲ್ಲಿ ಕಟ್ಟಿದ್ದು!

ಮರಗಳ ನಡುವೆ ನಡೆದರೆ 1955ರ ಹಳೆಯ ಕಾಂಕ್ರೀಟ್ ತಿರುವು ಎದುರಾಗುತ್ತದೆ. ಗೋಡೆಯಂತೆ ವಾಲಿದೆ, ಕಾಲ್ನಡಿಗೆಯಲ್ಲಿ ಮೇಲಕ್ಕೆ ಹತ್ತುವುದೂ ಪ್ರಯಾಸ. ಅಲ್ಲಿ ಈಗ ಪಂದ್ಯಗಳಿಲ್ಲ. ಇಲ್ಲಿನ ವೇಗ ಸಾಕಷ್ಟು ಜೀವ ತೆಗೆದಿದೆ. 1961ರಲ್ಲಿ ಚಾಲಕ ಫಾನ್ ಟ್ರಿಪ್ಸ್ ಜತೆ 15 ಪ್ರೇಕ್ಷಕರು ಸತ್ತರು. 1971ರ ಪಂದ್ಯದಲ್ಲಿ ಗೆದ್ದವನ ಸರಾಸರಿ ವೇಗ ಗಂಟೆಗೆ 242 ಕಿ.ಮೀ. ಮರುವರ್ಷವೇ ನೇರ ದಾರಿಗೆ ಹಾವಿನಂತೆ ಬಳುಕುವ ಕಿರುತಿರುವುಗಳನ್ನು ಹಾಕಿದರು. ವೇಗ ತಗ್ಗಿತು, ಗೇರ್ ಬದಲಾವಣೆ ಹೆಚ್ಚಿತು. ಭರ್ರನೆ ಬಂದು ಬ್ರೇಕ್, ಗೇರ್ ಇಳಿಸು, ಮತ್ತೆ ಏರಿಸು.

ಗೇರ್ ಬದಲಿಸುವಾಗ ಕ್ಲಚ್ ಒತ್ತಿದೊಡನೆ ಎಂಜಿನ್ನಿಗೂ ಗಾಲಿಗೂ ಸಂಬಂಧ ಕಡಿಯುತ್ತದೆ. ಕ್ಷಣಕಾಲ ಗಾಡಿ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ಟರ್ಬೊ ಎಂಜಿನ್ನಿಗೆ ಇದು ಇನ್ನೂ ನಷ್ಟ: ಆಕ್ಸಿಲರೇಟರ್ ಬಿಟ್ಟರೆ ಹೊಗೆಯ ರಭಸ ಇಳಿದು ಟರ್ಬೊ ಮಂಕಾಗುತ್ತದೆ.

ಜಾತ್ರೆಯಲ್ಲಿ ಪಲ್ಲಕ್ಕಿ ಹೊರುವವರನ್ನು ನೋಡಿದ್ದೀರಲ್ಲ? ಹೊಸಬ ಹೆಗಲು ಕೊಟ್ಟ ಮೇಲೆಯೇ ಹಳಬ ಜಾರಿಕೊಳ್ಳುತ್ತಾನೆ. ದೇವರು ನೆಲ ಮುಟ್ಟುವುದಿಲ್ಲ. ಫ್ರೆಂಚ್ ಎಂಜಿನಿಯರ್ ಅಡಾಲ್ಫ್ ಕೆಗ್ರೆಸ್ 1930ರ ದಶಕದ ಕೊನೆಗೆ ಯೋಚಿಸಿದ್ದು ಇಂಥದೇ ಉಪಾಯ. ಟೊಳ್ಳು ದಂಡದೊಳಗೆ ಇನ್ನೊಂದು ದಂಡ. ಒಂದೊಂದಕ್ಕೂ ಪ್ರತ್ಯೇಕ ಕ್ಲಚ್. 1, 3, 5ನೇ ಗೇರುಗಳು ಒಂದಕ್ಕೆ, 2, 4, 6 ಇನ್ನೊಂದಕ್ಕೆ. ಗಾಡಿ ಎರಡನೇ ಗೇರಿನಲ್ಲಿ ಓಡುವಾಗಲೇ ಮೂರನೆಯದು ಪಕ್ಕದ ದಂಡದಲ್ಲಿ ಕಚ್ಚಿಕೊಂಡು ಸಿದ್ಧವಾಗಿರುತ್ತದೆ. ಒಂದು ಕ್ಲಚ್ ಸಡಿಲವಾಗುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ, ಅಷ್ಟೆ.

ಉಪಾಯ ಸರಳ, ಎರಡು ಕ್ಲಚ್ಚುಗಳನ್ನು ಲೆಕ್ಕ ತಪ್ಪದಂತೆ ಆಡಿಸುವ ಮಿದುಳು ಬೇಕಿತ್ತು. ಎಲೆಕ್ಟ್ರಾನಿಕ್ಸ್ ಬರುವ ತನಕ ಕಾಯಬೇಕಾಯಿತು. ಪೋರ್ಷೆಯವರು 1980ರ ದಶಕದಲ್ಲಿ ಪಂದ್ಯದ ಕಾರುಗಳಿಗೆ ಅದನ್ನು ಹಾಕಿದರು. ಭಾರ ಹೆಚ್ಚು, ಕೈಕೊಡುವುದೂ ಹೆಚ್ಚು. ಆದರೂ 1986ರಲ್ಲಿ ಇದೇ ಮೊಂಝಾದ 360 ಕಿ.ಮೀ. ಪಂದ್ಯವನ್ನು ಹಾನ್ಸ್ ಸ್ಟಕ್ ಮತ್ತು ಡೆರೆಕ್ ಬೆಲ್ ಆ ಗೇರ್‌ಬಾಕ್ಸಿನ 962 ಕಾರಿನಲ್ಲಿ ಗೆದ್ದರು. ಜನರು ಕೊಳ್ಳುವ ಕಾರಿಗೆ ಅದು ಬಂದದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್‌ನಲ್ಲಿ.

ಇದೇನೂ ಸರ್ವಜ್ಞ ಯಂತ್ರವಲ್ಲ. ಚಾಲಕ ವೇಗ ಏರಿಸುತ್ತಾನೆಂದು ಮೇಲಿನ ಗೇರನ್ನು ಸಿದ್ಧ ಮಾಡಿಕೊಂಡಿರುವಾಗ ಅವನು ಗಕ್ಕನೆ ನಿಧಾನಿಸಿದರೆ, ಅದನ್ನು ಬಿಡಿಸಿ ಕೆಳಗಿನದನ್ನು ಹಾಕಿಕೊಳ್ಳಬೇಕು. ಆಗ ತುಸು ತಡವರಿಸುತ್ತದೆ. ಬೆಂಗಳೂರಿನ ಆಮೆನಡಿಗೆಯ ದಟ್ಟಣೆ ಇದಕ್ಕೆ ಮೊಂಝಾಕ್ಕಿಂತ ಕಠಿಣ ಪರೀಕ್ಷೆ. ಅರೆಬರೆ ಹಿಡಿದ ಕ್ಲಚ್ ಉಜ್ಜಿ ಕಾಯುತ್ತದೆ. ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ ಆದರಂತೂ ಬೇಗ. ಏರಿನಲ್ಲಿ ಗಾಡಿಯನ್ನು ಆಕ್ಸಿಲರೇಟರ್ ಬಲದಿಂದ ನಿಲ್ಲಿಸಿಕೊಳ್ಳುವ ಅಭ್ಯಾಸವಿದ್ದವರು ಅದನ್ನು ಬಿಟ್ಟು ಬ್ರೇಕ್ ಒತ್ತುವುದು ಲೇಸು.

ಮೊಂಝಾಕ್ಕೆ ಸೆಪ್ಟೆಂಬರಿನಲ್ಲಿ ಹೋದರೆ ಗ್ರ್ಯಾನ್ ಪ್ರಿ ಗದ್ದಲ. ಹಳೆಯ ತಿರುವಿನ ಬುಡದಲ್ಲಿ ನಿಂತು ನೋಡುವ ಆಸೆಯುಳ್ಳವರಿಗೆ ಪಂದ್ಯವಿಲ್ಲದ ದಿನಗಳೇ ಚೆನ್ನ.